ಖಾಲಿ ಕಂದಕಕ್ಕೆ ಯಾಕಿಷ್ಟು ಕಾವಲು?

ಪ್ರಶ್ನೆ: ನಾವು ಇಂಗ್ಲೆಂಡಿನ ಎಸೆಕ್ಸ್ ಕಡೆ ಹೊಸ ಲೇಔಟ್ ಒಂದರಲ್ಲಿ ಮನೆ ತಗೊಂಡಿದೀವಿ. ಹಿಂದಿನ ಪಾರ್ಕಲ್ಲಿ ಚೌಕಾಕಾರದ ಒಂದು ಹಳ್ಳ ಇದೆ, ಮೂರು ಕಡೆ ನೀರು, ಮಧ್ಯೆ ಹುಲ್ಲು ಬೆಳೆದಿರೋ ದಿಬ್ಬ, ಕಟ್ಟಡ ಅಂತ ಒಂದು ಕಲ್ಲೂ ಇಲ್ಲ. ಬೋರ್ಡಲ್ಲಿ ಮಾತ್ರ ಮಧ್ಯಯುಗದ ಮ್ಯಾನರ್ ಜಾಗ, ಶೆಡ್ಯೂಲ್ಡ್ ಮಾನ್ಯುಮೆಂಟ್ ಅಂತ ಬರೆದಿದಾರೆ. ಇದು ಕೋಟೆನಾ? ಏನೂ ಇಲ್ಲದ ಜಾಗಕ್ಕೆ ಯಾಕೆ ಇಷ್ಟು ಕಾನೂನು? ಪಾಚಿ ಕಟ್ಟಿ ಗಬ್ಬು ವಾಸನೆ ಬರ್ತಿದೆ, ನಮ್ಮೂರಲ್ಲಿ ಕೆರೆ ಹೂಳೆತ್ತಿದ ಹಾಗೆ ಇದನ್ನೂ ಎತ್ತಿಸಬಾರದಾ? ಮಗನಿಗೆ ಬರ್ತ್‌ಡೇಗೆ ಮೆಟಲ್ ಡಿಟೆಕ್ಟರ್ ಬೇರೆ ಬಂದಿದೆ, ಅಲ್ಲಿ ಹೋಗಿ ಆಡಬಹುದಾ?

ಉತ್ತರ: ನಮಸ್ಕಾರ ಮೇಡಂ. ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಈ ವೀಕೆಂಡ್ ಅವನು ಹೊರಟುಬಿಟ್ರೆ ಕಷ್ಟ. ಬೇಡ. 1979ರ ಪ್ರಾಚೀನ ಸ್ಮಾರಕಗಳ ಕಾನೂನಿನ 42ನೇ ಸೆಕ್ಷನ್ ಪ್ರಕಾರ ಶೆಡ್ಯೂಲ್ ಆಗಿರೋ, ಅಂದ್ರೆ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿರೋ ಜಾಗದಲ್ಲಿ, ಸ್ಮಾರಕಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನವರ ಲಿಖಿತ ಪರ್ಮಿಶನ್ ಇಲ್ಲದೆ ಮೆಟಲ್ ಡಿಟೆಕ್ಟರ್ ಆನ್ ಮಾಡೋದೇ ಅಪರಾಧ, ಏನಾದ್ರೂ ಸಿಗಲಿ ಬಿಡಲಿ. ಜಾಗದ ಓನರ್ "ಪರವಾಗಿಲ್ಲ ಮಾಡ್ಕೊಳ್ಳಿ" ಅಂದ್ರೂ ಸಾಲಲ್ಲ. ಶೆಡ್ಯೂಲ್ ಆಗದ ಬೇರೆ ಹೊಲದಲ್ಲಿ, ಹೊಲದವರನ್ನ ಕೇಳ್ಕೊಂಡು ಹುಡುಕಬಹುದು, ಅದಕ್ಕೇನೂ ತೊಂದರೆ ಇಲ್ಲ. ಹಾಗೆ ಹುಡುಕುವಾಗ ಹಳೇ ಚಿನ್ನ ಬೆಳ್ಳಿ ಸಿಕ್ರೆ 14 ದಿನದೊಳಗೆ ಆ ಜಿಲ್ಲೆಯ ಕೊರೋನರ್‌ಗೆ (ನಿಧಿಯ ವಿಚಾರಣೆ ಮಾಡೋ ಅಧಿಕಾರಿ) ತಿಳಿಸಬೇಕು, 1996ರ ಟ್ರೆಶರ್ ಆಕ್ಟ್ ಇದೆ. ಚಿನ್ನ ಬೆಳ್ಳಿ ಅಲ್ಲದ ಗುಂಡಿ, ಬಕಲ್ಲು, ನಾಣ್ಯ ಸಿಕ್ರೂ ಕೌಂಟಿಯ ಫೈಂಡ್ಸ್ ಲೈಸನ್ ಆಫೀಸರ್‌ಗೆ ತೋರಿಸಿ, ಫೋಟೋ ತೆಗೆದು ದಾಖಲಿಸಿ ಸಾಮಾನ್ಯವಾಗಿ ನಿಮಗೇ ವಾಪಸ್ ಕೊಡ್ತಾರೆ. ಹುಡುಗನಿಗೆ ಅದೂ ಒಂದು ಖುಷಿ.

ಈಗ ನಿಮ್ಮ ಹಳ್ಳದ ವಿಷಯ.

ಕಂದಕ ಅಂದ ತಕ್ಷಣ ನಮ್ಮವರಿಗೆ ಶ್ರೀರಂಗಪಟ್ಟಣ ಕಣ್ಮುಂದೆ ಬರುತ್ತೆ, ಕೋಟೆ, ಬತೇರಿ, ಫಿರಂಗಿ. ನಿಮ್ಮ ಮನೆ ಹಿಂದಿರೋದು ಅದಲ್ಲ. ಇಂಗ್ಲೆಂಡಲ್ಲಿ ಇಂಥ ಕಂದಕ ಸುತ್ತಿದ ಜಾಗಗಳು ಸುಮಾರು 6,000 ಗೊತ್ತಾಗಿವೆ, ಹೆಚ್ಚಿನವು 1250ರಿಂದ 1350ರ ಒಳಗೆ ತೋಡಿದ್ದು, ಅದರಲ್ಲೂ ಎಸೆಕ್ಸ್, ಸಫೋಕ್ ಕಡೆ ದಟ್ಟವಾಗಿವೆ, ಅಕ್ಕಪಕ್ಕದ ಹಳ್ಳೀಲೇ ಎರಡು ಮೂರು ಸಿಗೋದುಂಟು. ಇಷ್ಟೊಂದು ಕೋಟೆ ಯಾವ ದೇಶದಲ್ಲಿರುತ್ತೆ ಹೇಳಿ. ಇವು ಊರಿನ ಜಮೀನ್ದಾರರ ಮನೆಗಳು. ಮ್ಯಾನರ್ ಅಂದ್ರೆ ಒಬ್ಬ ಲಾರ್ಡ್‌ಗೆ ಸೇರಿದ ಜಮೀನು, ಅದರಲ್ಲಿ ದುಡಿಯೋ ಒಕ್ಕಲು, ಅವರ ಜಗಳ ತೀರ್ಸೋ ಕೋರ್ಟು ಎಲ್ಲ ಸೇರಿದ ಒಂದು ಘಟಕ, ಆ ಲಾರ್ಡ್ ಅಥವಾ ಅವನ ಪರವಾಗಿ ನೋಡ್ಕೊಳ್ಳೋನು ಇರ್ತಿದ್ದ ಮನೆಯ ಸುತ್ತ ಈ ನೀರು. ಶುರುವಲ್ಲಿ ದೊಡ್ಡ ಶ್ರೀಮಂತರು ಮಾಡ್ಕೊಂಡ್ರು, ಅವರನ್ನ ನೋಡಿ ಸಣ್ಣ ಲಾರ್ಡ್‌ಗಳು, ಆಮೇಲೆ ಕಾಡು ಕಡಿದು ಹೊಲ ಮಾಡ್ಕೊಂಡು ಒಂದಿಷ್ಟು ದುಡ್ಡು ಕಂಡ ರೈತರೂ ತೋಡಿಸಿದ್ರು. ಈಗ ಹಳ್ಳೀಲಿ ಮನೆ ಕಟ್ಟಿದೋರು ಮನೆಗಿಂತ ಜೋರಾಗಿ ಕಾಂಪೌಂಡ್ ಗೇಟ್ ಮಾಡಿಸ್ತಾರಲ್ಲ, ಅದೇ ಬುದ್ಧಿ.

ರಕ್ಷಣೆಗೆ ಅಂತ ಇರ್ಲೇ ಇಲ್ಲ ಅಂತಲ್ಲ. ರಾತ್ರಿ ಕಳ್ಳರು, ತಪ್ಪಿಸಿಕೊಂಡ ದನ, ಪಕ್ಕದ ಲಾರ್ಡ್ ಕಡೆಯ ನಾಲ್ಕು ಪುಂಡರು, ಇವರನ್ನೆಲ್ಲ ಹೊರಗಿಡೋಕೆ ಐದಾರು ಮೀಟರ್ ಅಗಲದ ನೀರು ಧಾರಾಳ ಸಾಕು. ಸೈನ್ಯ ಬಂದ್ರೆ ಮಾತ್ರ ಒಂದು ದಿನಕ್ಕೂ ಆಗಲ್ಲ, ಎಷ್ಟೋ ಕಂದಕ ನಾಲ್ಕು ಕಡೆ ಸುತ್ತಿಯೇ ಇಲ್ಲ, ನಿಮ್ಮದರ ಹಾಗೆ ಒಂದು ಕಡೆ ಒಣ ನೆಲ (ನಿಮ್ಮದರಲ್ಲಿ ನಾಲ್ಕನೇದು ಆಮೇಲೆ ಯಾರೋ ಮುಚ್ಚಿರೋ ಸಾಧ್ಯತೆನೂ ಇದೆ, ನೆಲ ಸ್ವಲ್ಪ ತಗ್ಗಾಗಿದೆಯಾ ನೋಡಿ). ನಿಜವಾದ ಕೋಟೆಯ ಹಾಗೆ ಗೋಡೆ ಮೇಲೆ ತೆನೆ (ಹಲ್ಲು ಹಲ್ಲಾಗಿರೋ ಅಂಚು) ಕಟ್ಟಬೇಕು ಅಂದ್ರೆ ರಾಜನಿಂದ ಲೈಸೆನ್ಸ್ ತಗೊಳ್ತಿದ್ರು. ಶ್ರಾಪ್‌ಶೈರ್‌ನ ಸ್ಟೋಕ್‌ಸೇಗೆ 1291ರಲ್ಲಿ ಲೈಸೆನ್ಸ್ ತಗೊಂಡ ಲಾರೆನ್ಸ್ ಯೋಧ ಅಲ್ಲವೇ ಅಲ್ಲ, ಉಣ್ಣೆ ವ್ಯಾಪಾರಿ. ಯಾರ್ಕ್‌ಶೈರ್‌ನ ಮಾರ್ಕೆನ್‌ಫೀಲ್ಡ್ ಹಾಲ್‌ಗೆ 1310ರಲ್ಲಿ ಸಿಕ್ತು. ಆ ಲೈಸೆನ್ಸೂ ಅರ್ಧ ಪಾಲು ಜಂಬಕ್ಕೇ ಅಂತ ನನ್ನ ಲೆಕ್ಕ.

ಎಸೆಕ್ಸ್‌ನಲ್ಲೇ ಯಾಕೆ ಇಷ್ಟು ಅಂದ್ರೆ ಮಣ್ಣು. ಅಲ್ಲಿ ಹಿಮಯುಗದಲ್ಲಿ ನೀರ್ಗಲ್ಲು ಎಳೆದು ತಂದು ಬಿಟ್ಟುಹೋದ ದಪ್ಪ ಜೇಡಿಮಣ್ಣು, ತೋಡಿದ್ರೆ ನೀರು ಇಂಗಲ್ಲ, ಹಾಗೇ ನಿಲ್ಲುತ್ತೆ. ಕೆಲವು ಕಡೆ ಮಳೆನೀರು ಸಾಕು, ಕೆಲವು ಕಡೆ ಹತ್ತಿರದ ತೊರೆಯಿಂದ ಸಣ್ಣ ಕಾಲುವೆ ತೆಗೆದು, ಒಂದು ಮೂಲೆಗೆ ತೂಬು, ಇನ್ನೊಂದು ಮೂಲೇಲಿ ಹೆಚ್ಚಾದ ನೀರು ಹರಿದು ಹೋಗೋಕೆ ಕೋಡಿ. ಕೆರೆ ಕಂಡ ಕನ್ನಡದೋರಿಗೆ ಇದು ನೋಡಿದ ಕೂಡಲೇ ತಿಳಿಯುತ್ತೆ. ತೋಡಿದ ಮಣ್ಣನ್ನ ಮಧ್ಯದ ಜಾಗಕ್ಕೇ ಸುರಿದು ಎತ್ತರ ಮಾಡ್ತಿದ್ರು, ಮನೆ ತಳ ಒಣಗಿರುತ್ತೆ, ಮಿಕ್ಕ ಜೇಡಿ ಗೋಡೆಗೆ ಮೆತ್ತೋಕೆ ಆಯ್ತು. ಬೆಂಕಿ ಬಿದ್ರೆ ಕೈಗೆಟುಕೋ ನೀರು. ಮೇಲಿಂದ ಮೀನು, ಶುಕ್ರವಾರ ಮತ್ತೆ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಮಾಂಸ ತಿನ್ನದ ಕ್ರೈಸ್ತ ಮನೆಗಳಿಗೆ ಮೀನಿನ ಕೊಳ ಅಂದ್ರೆ ದೊಡ್ಡ ಆಸ್ತಿ. ನಿಮ್ಮ ಪಾರ್ಕಲ್ಲಿ ಕಂದಕದ ಪಕ್ಕ ಸಾಲಾಗಿ ಉದ್ದುದ್ದ ತಗ್ಗುಗಳಿದ್ರೆ ಅವು ಮೀನಿನ ಕೊಳಗಳೇ ಇರಬಹುದು.

ಹಾಗಾದ್ರೆ ಮನೆ ಎಲ್ಲಿ ಹೋಯ್ತು? ಹೆಚ್ಚಿನವು ಮರದ ಮನೆಗಳು, ಕೆಳಗೆ ಸಣ್ಣ ಕಲ್ಲಿನ ತಳಪಾಯ ಇದ್ರೆ ಇತ್ತು ಇಲ್ಲದಿದ್ರೆ ಅದೂ ಇಲ್ಲ. 1348-49ರ ಪ್ಲೇಗ್‌ನಲ್ಲಿ ಒಕ್ಕಲು ಸತ್ತು ಜಮೀನು ಬೀಳುಬಿತ್ತು, ಎರಡು ಮೂರು ಮ್ಯಾನರ್ ಒಂದೇ ಮನೆತನಕ್ಕೆ ಸೇರಿಕೊಂಡಾಗ ಬೇಡವಾದ ಮನೆ ಬಿಟ್ರು, ಇನ್ನು ಕೆಲವರಿಗೆ ತಲೆಮಾರು ಕಳೆದ ಮೇಲೆ ತೇವದ ಮನೆ ಸಾಕಾಗಿ ನೂರಡಿ ಆಚೆ ಹೊಸ ಮನೆ ಕಟ್ಟಿದ್ರು, ಹಳೇದರ ಮರ ಕಲ್ಲು ಅದಕ್ಕೇ ಹೋಯ್ತು. ಅದಕ್ಕೇ ಎಸೆಕ್ಸ್ ಮ್ಯಾಪ್ ತುಂಬ ಮೋಟ್ ಫಾರ್ಮ್, ಹಾಲ್ ಫಾರ್ಮ್ ಅನ್ನೋ ಹೆಸರು, ಮೋಟ್ ಅಂದ್ರೆ ಕಂದಕ. ಅಲ್ಲಿನ ಸರ್ಕಾರಿ ಆರ್ಡ್ನನ್ಸ್ ಸರ್ವೆ ಮ್ಯಾಪ್ ತೆಗೆದು ನೋಡಿ, ಹಳೇ ಕಾಲದ ಗಾಥಿಕ್ ಅಕ್ಷರದಲ್ಲಿ ಮೋಟ್ ಅಂತ ಬರೆದಿದ್ರೆ ಅದು ಇಂಥದ್ದೇ. ಮನೆ ಹೋದ ಮೇಲೆ ನೆಲದೊಳಗೆ ಏನು ಉಳಿದಿರುತ್ತೆ ಅಂತ ನೋಡೋಕೆ ಕಾರ್ನ್‌ವಾಲ್‌ನ ಪೆನ್‌ಹ್ಯಾಲಮ್ ಒಳ್ಳೇ ಜಾಗ. ಅಲ್ಲೂ ಮೇಲೆ ಏನೂ ಇರಲಿಲ್ಲ, 1968ರಿಂದ 73ರವರೆಗೆ ಅಗೆದಾಗ ಇಡೀ ಮನೆಯ ಪ್ಲಾನೇ ಸಿಕ್ತು. ಅದು ಕಲ್ಲಿನ ನಾಡು ಆದ್ದರಿಂದ ತಳಪಾಯ ಉಳಿದಿತ್ತು, ಹಾಲ್ ಎಲ್ಲಿ, ಅಡುಗೆಮನೆ ಎಲ್ಲಿ, ಚಾಪೆಲ್ (ಪ್ರಾರ್ಥನೆಯ ಕೋಣೆ) ಎಲ್ಲಿ ಅಂತ ಈಗ ಮೊಣಕಾಲೆತ್ತರದ ಗೋಡೆಗಳ ಮಧ್ಯೆ ನಡೆದುಕೊಂಡೇ ನೋಡಬಹುದು.

ಇಲ್ಲಿಂದ ನಿಮ್ಮ ಹೂಳಿನ ಪ್ರಶ್ನೆಗೆ ಬರ್ತೀನಿ. ನಿಮಗೆ ಗಬ್ಬು ವಾಸನೆ ಅನ್ನಿಸ್ತಿರೋ ಆ ಕಪ್ಪು ಕೆಸರೇ ಅಲ್ಲಿನ ಅಸಲಿ ಆಸ್ತಿ. ಆ ಕೆಸರಿನೊಳಗೆ ಗಾಳಿ ಇರಲ್ಲ, ಆಕ್ಸಿಜನ್ ಇಲ್ಲದೆ ಮರ, ಚರ್ಮ, ಬಟ್ಟೆ ಕೊಳೆಸೋ ಬ್ಯಾಕ್ಟೀರಿಯಾ ಫಂಗಸ್ ಕೆಲಸ ಮಾಡಲ್ಲ. ಒಣ ನೆಲದಲ್ಲಿ ಅಗೆದ್ರೆ ಮಡಕೆ ಚೂರು, ಮೂಳೆ, ಮೊಳೆ ಇಷ್ಟೇ ಸಿಗೋದು. ಕಂದಕದ ಕೆಸರಲ್ಲಿ ಹರಿದ ಶೂ, ಮರದ ಬಟ್ಟಲು, ಪ್ಲಮ್ ಚೆರ್ರಿ ಬೀಜ, ಜೀರುಂಡೆಯ ರೆಕ್ಕೆ ಕವಚ, ಹೂವಿನ ಪರಾಗ ಎಲ್ಲ ಸಿಗುತ್ತೆ. ಆ ಜೀರುಂಡೆ ಯಾವ ಜಾತಿ ಅಂತ ಗುರುತಿಸಿದ್ರೆ ಪಕ್ಕದಲ್ಲಿ ಕೊಟ್ಟಿಗೆ ಇತ್ತೋ ದವಸ ತುಂಬಿದ್ರೋ ಅಂತ ಹೇಳ್ತಾರೆ, ಪರಾಗ ನೋಡಿ ಸುತ್ತ ಕಾಡಿತ್ತೋ ಗೋಧಿ ಹೊಲ ಇತ್ತೋ ಅಂತ ಹೇಳ್ತಾರೆ. ಮನೆಗೆ ಹೋಗೋಕಿದ್ದ ಸೇತುವೆಯ ಓಕ್ ತೊಲೆ ಕೆಸರಲ್ಲಿ ಸಿಕ್ಕಿಬಿಟ್ರಂತೂ ಹಬ್ಬ. ಮರದ ವಾರ್ಷಿಕ ಉಂಗುರಗಳ ದಪ್ಪ ತೆಳು ನೋಡಿ ಆ ಪ್ರದೇಶದ ಮರಗಳ ಉಂಗುರಗಳ ವರ್ಷವಾರು ಪಟ್ಟಿಗೆ ಹೊಂದಿಸ್ತಾರೆ, ತೊಗಟೆ ತನಕ ಮರ ಉಳಿದಿದ್ರೆ ಯಾವ ವರ್ಷ ಕಡಿದಿದ್ದು ಅನ್ನೋದೇ ಗೊತ್ತಾಗುತ್ತೆ. ಬರೆದಿಟ್ಟ ದಾಖಲೆ ಇಲ್ಲದ ಒಬ್ಬ ಸಣ್ಣ ಜಮೀನ್ದಾರನ ಮನೆಗೆ ಇಸವಿ ಕೊಡೋಕೆ ಬೇರೆ ದಾರಿ ಎಲ್ಲಿದೆ?

ಬರ್ಮಿಂಗ್‌ಹ್ಯಾಮ್‌ನ ವೀಲಿ ಕ್ಯಾಸಲ್ ಉದಾಹರಣೆ ತಗೊಳ್ಳಿ, ಹೆಸರಿಗೆ ಕ್ಯಾಸಲ್, ಅಸಲಿಗೆ ಕಂದಕ ಇರೋ ಮ್ಯಾನರ್ ಮನೆ, 1264ರಲ್ಲಿ ರೋಜರ್ ಡಿ ಸೋಮರಿ ಲೈಸೆನ್ಸ್ ತಗೊಂಡಿದ್ದು. ಈಗ ಸುತ್ತ ಮನೆಗಳ ಕಾಲೊನಿ. 1950ರ ದಶಕದಲ್ಲಿ ಅಲ್ಲಿ ಅಗೆದಾಗ ಕಲ್ಲಿನ ಕಟ್ಟಡಕ್ಕೂ ಮೊದಲಿನ ಒಂದು ಮರದ ಅಡುಗೆಮನೆ ಸಿಕ್ತು, ಗೋಡೆಯ ಹಲಗೆಗಳ ಕೆಳಭಾಗ ಹಾಗೇ ಇತ್ತು. ಏಳೆಂಟು ನೂರು ವರ್ಷ ಹಿಂದಿನ ಹಲಗೆ, ಉಳಿದಿದ್ದಕ್ಕೆ ಕಾರಣ ನೆಲದ ತೇವ, ಅಷ್ಟೇ. ಯಾರಾದ್ರೂ ಅದಕ್ಕೂ ಮೊದಲು ಜಾಗ ನೀಟ್ ಮಾಡ್ತೀವಿ ಅಂತ ನೀರು ಬಸಿದು ಒಣಗಿಸಿದ್ರೆ ಆ ಮರ ಮುದುಡಿ ಪುಡಿಯಾಗ್ತಿತ್ತು, ಅಗೆದಾಗ ಮಣ್ಣಲ್ಲಿ ಒಂದು ಕಂದು ಬಣ್ಣದ ಗೆರೆ ಕಾಣ್ತಿತ್ತು. ಇನ್ನು ಜೆಸಿಬಿ ಇಳಿಸಿದ್ರೆ ಕೇಳೋದೇ ಬೇಡ, ಕೆಸರಿನ ಪದರಗಳು ಒಂದರ ಮೇಲೊಂದು ಕೂತಿರೋ ಕ್ರಮದಲ್ಲೇ ಕಾಲ ಗೊತ್ತಾಗೋದು, ಬಕೆಟ್ ಹಾಕಿ ಎತ್ತಿ ಲಾರಿಗೆ ಸುರಿದ ಮೇಲೆ 1300 ಯಾವುದು 1900 ಯಾವುದು ಯಾರಿಗೂ ಹೇಳೋಕಾಗಲ್ಲ. ನಮ್ಮೂರಲ್ಲಿ ಕೆರೆ ಹೂಳು ಹೊಲಕ್ಕೆ ಗೊಬ್ಬರ, ತೆಗೆದಷ್ಟೂ ಒಳ್ಳೇದು, ಅದು ಬಳಕೆಯಲ್ಲಿರೋ ಕೆರೆ. ಇಲ್ಲೂ ಜನ ವಾಸವಿದ್ದ ಕಾಲದಲ್ಲಿ ಹೂಳೆತ್ತುತ್ತಿದ್ರು, ಅದಕ್ಕೇ ಎಷ್ಟೋ ಕಡೆ ಮೊದಲ ನೂರು ವರ್ಷದ ಕೆಸರು ಮೂಲೆಗಳಲ್ಲಿ, ಸೇತುವೆ ಕೆಳಗೆ ಮಾತ್ರ ಮಿಕ್ಕಿರುತ್ತೆ. ಮಿಕ್ಕಿರೋದು ಕಮ್ಮಿ ಅನ್ನೋ ಕಾರಣಕ್ಕೇ ಅದರ ಬೆಲೆ ಜಾಸ್ತಿ. ಇನ್ನೊಂದು, ನಡುವಿನ ದಿಬ್ಬಕ್ಕೆ ಮಣ್ಣು ಸುರಿದಿದ್ರು ಅಂದೆನಲ್ಲ, ಅದರ ಕೆಳಗೆ ಕಂದಕ ತೋಡೋ ಮೊದಲಿನ ನೆಲ ಮುಚ್ಚಿಕೊಂಡು ಭದ್ರವಾಗಿರುತ್ತೆ, ಅದರ ಪರಾಗ ಬೀಜ ಸಮೇತ. ನೀವು ಏನೂ ಇಲ್ಲ ಅಂತ ಬರೆದಿರೋ ದಿಬ್ಬ ಅದು.

ಕಾನೂನಿನ ಕಥೆ ಸ್ವಲ್ಪ ಉದ್ದ, ಆದ್ರೆ ನಮಗೆ ಅದರಲ್ಲಿ ಒಂದು ಸಂಬಂಧ ಇದೆ. ಬ್ರಿಟನ್‌ನ ಮೊದಲ ಸ್ಮಾರಕ ಕಾನೂನು 1882ರದ್ದು, ಪಾರ್ಲಿಮೆಂಟ್ ಸದಸ್ಯ ಜಾನ್ ಲಬಕ್ ಹಟ ಹಿಡಿದು ಪಾಸ್ ಮಾಡಿಸಿದ್ದು. ಕಾನೂನಿನ ಕೊನೆಗೆ ಲಗತ್ತಿಸಿದ ಶೆಡ್ಯೂಲ್‌ನಲ್ಲಿ ಸ್ಟೋನ್‌ಹೆಂಜ್ ಥರದ ಪ್ರಾಗೈತಿಹಾಸಿಕ ಜಾಗಗಳೇ ತುಂಬಿದ್ವು, ಮ್ಯಾನರ್ ಕಂದಕ ಯಾರ ಲೆಕ್ಕಕ್ಕೂ ಇರಲಿಲ್ಲ. ಆ ಕಾನೂನಿಗೆ ಹಲ್ಲೂ ಇರಲಿಲ್ಲ, ಓನರ್ ಒಪ್ಪಿದ್ರೆ ಮಾತ್ರ ಸರ್ಕಾರ ಕೈ ಹಾಕಬಹುದಿತ್ತು. ಮುಂದೆ ಲಿಂಕನ್‌ಶೈರ್‌ನ ಟ್ಯಾಟರ್‌ಶಲ್ ಅನ್ನೋ ಕಂದಕ ಇರೋ ಇಟ್ಟಿಗೆ ಕೋಟೆಯನ್ನ 1911ರಲ್ಲಿ ಮಾರಿಬಿಟ್ರು, ಅದರೊಳಗಿದ್ದ ಕೆತ್ತನೆಯ ಅಗ್ಗಿಷ್ಟಿಕೆ ಕಲ್ಲುಗಳನ್ನ ಕಿತ್ತು ಅಮೆರಿಕಕ್ಕೆ ಸಾಗಿಸೋ ಏರ್ಪಾಟಾಯ್ತು. ಆಗ ಕೋಟೆ ಕೊಂಡು, ಕಿತ್ತ ಕಲ್ಲುಗಳನ್ನ ಪತ್ತೆ ಹಚ್ಚಿ ವಾಪಸ್ ತಂದು ಕೂರಿಸಿದೋನು ಯಾರು ಗೊತ್ತಾ? ಲಾರ್ಡ್ ಕರ್ಜನ್. ಹೌದು, ನಮ್ಮ ಸ್ಕೂಲ್ ಪುಸ್ತಕದಲ್ಲಿ ಬಂಗಾಳ ಒಡೆದ ವೈಸರಾಯ್ ಅಂತ ಓದಿದ ಅದೇ ಕರ್ಜನ್. ಭಾರತದಲ್ಲಿದ್ದಾಗ 1904ರಲ್ಲಿ ಸ್ಮಾರಕ ಸಂರಕ್ಷಣಾ ಕಾಯ್ದೆ ತಂದಿದ್ದ, ಪುರಾತತ್ವ ಇಲಾಖೆಗೆ ಜಾನ್ ಮಾರ್ಷಲ್‌ನ ಕರೆತಂದಿದ್ದ. ಊರಿಗೆ ಹೋದ ಮೇಲೆ ಅಲ್ಲಿನ ಸಡಿಲ ಕಾನೂನು ನೋಡಿ ಗಲಾಟೆ ಎಬ್ಬಿಸಿದ, ಟ್ಯಾಟರ್‌ಶಲ್ ಪ್ರಕರಣ ಆಗಿ ಎರಡು ವರ್ಷಕ್ಕೆ, 1913ರಲ್ಲಿ, ಓನರ್ ಒಪ್ಪಲಿ ಬಿಡಲಿ ಸ್ಮಾರಕನ ತಡೆದು ಉಳಿಸೋ ಅಧಿಕಾರ ಸರ್ಕಾರಕ್ಕೆ ಬಂತು. ಮನುಷ್ಯ ಎಂಥೋನು ಅನ್ನೋದು ಬೇರೆ ಚರ್ಚೆ, ಕೆಲಸ ಇದು ಒಳ್ಳೇದೇ. ಟ್ಯಾಟರ್‌ಶಲ್ ಮತ್ತೆ ಸಸೆಕ್ಸ್‌ನ ಬೋಡಿಯಮ್ ಕೋಟೆ ಎರಡನ್ನೂ ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಬರೆದಿಟ್ಟು 1925ರಲ್ಲಿ ತೀರಿಕೊಂಡ.

ಈಗ ಚಾಲ್ತಿಯಲ್ಲಿರೋದು 1979ರ ಕಾನೂನು. ಪಟ್ಟಿಗೆ ಹಾಕೋದಾ ಬೇಡವಾ ಅಂತ ತೀರ್ಮಾನ ಮಾಡೋದು ಸರ್ಕಾರದ ಮಂತ್ರಿ, ಸಲಹೆ ಕೊಡೋದು ಹಿಸ್ಟಾರಿಕ್ ಇಂಗ್ಲೆಂಡ್. ಎಷ್ಟು ಅಪರೂಪ, ಎಷ್ಟು ಉಳಿದಿದೆ, ದಾಖಲೆ ಇದೆಯಾ, ಪಕ್ಕದಲ್ಲಿ ಚರ್ಚು ಮೀನಿನ ಕೊಳ ಹಳೇ ಹಳ್ಳಿಯ ಗುರುತು ಜೊತೆಗಿದೆಯಾ ಅಂತೆಲ್ಲ ನೋಡ್ತಾರೆ, 6,000ವೂ ಪಟ್ಟೀಲಿ ಇಲ್ಲ. ಪಟ್ಟಿಗೆ ಬಂದ ಮೇಲೆ ಅಲ್ಲಿ ಗುಣಿ ತೋಡೋದು, ಬೇಲಿ ಕಂಬ ನೆಡೋದು, ಮಣ್ಣು ತುಂಬಿಸೋದು, ಹೂಳೆತ್ತೋದು ಎಲ್ಲಕ್ಕೂ ಮೊದಲೇ ಅನುಮತಿ ಬೇಕು, ಬೇಕಂತಲೇ ಹಾಳು ಮಾಡಿದ್ರೆ ಎರಡು ವರ್ಷದವರೆಗೂ ಜೈಲಾಗಬಹುದು. ನಿಮ್ಮ ಕೌನ್ಸಿಲ್‌ನವರು ಹೂಳಿಗೆ ಕೈ ಹಾಕದೇ ಇರೋದು ಸೋಮಾರಿತನಕ್ಕೇ ಅಂತ ಅಂದ್ಕೋಬೇಡಿ.

ಇದರಲ್ಲಿ ಒಂದು ತಮಾಷೆ ಇದೆ. ಜನ ವಾಸ ಇರೋ ಮನೆಯನ್ನ ಶೆಡ್ಯೂಲ್ ಮಾಡೋ ಹಾಗಿಲ್ಲ ಅಂತ ಆ ಕಾನೂನಲ್ಲೇ ಇದೆ. ಅದಕ್ಕೆ ಮನೆ ಇನ್ನೂ ನಿಂತಿರೋ ಕಡೆ ಏನ್ಮಾಡ್ತಾರೆ ಅಂದ್ರೆ, ಕಂದಕ ಮತ್ತೆ ದಿಬ್ಬನ ಶೆಡ್ಯೂಲ್ ಮಾಡಿ, ಮನೆ, ಡ್ರೈವ್‌ವೇ, ಈಗಿನ ಬೇಲಿ ಇವನ್ನ ಬಿಟ್ಟು, ಆದ್ರೆ ಅವುಗಳ ಕೆಳಗಿನ ನೆಲ ಮಾತ್ರ ಸೇರಿದೆ ಅಂತ ಬರೀತಾರೆ. ಅಂದ್ರೆ ಮನೆಯೊಳಗೆ ಗೋಡೆ ಮುಟ್ಟೋಕೆ ಲಿಸ್ಟೆಡ್ ಬಿಲ್ಡಿಂಗ್ (ರಕ್ಷಣೆಯ ಪಟ್ಟಿಯಲ್ಲಿರೋ ಕಟ್ಟಡ) ಕಾನೂನು, ಅದಕ್ಕೆ ಲೋಕಲ್ ಕೌನ್ಸಿಲ್ ಹತ್ರ ಹೋಗಬೇಕು, ಅದೇ ಅಡುಗೆಮನೆಯ ನೆಲ ಅಗೆದು ಪೈಪ್ ಹಾಕೋಕೆ ಇನ್ನೊಂದು ಕಾನೂನು, ಅದಕ್ಕೆ ಸರ್ಕಾರದ ಹತ್ರ ಹೋಗಬೇಕು. ಇಂಥ ಮನೆ ಕೊಳ್ಳೋಕೆ ಹೊರಟ ನಮ್ಮವರು ಯಾರಾದ್ರೂ ಇದ್ರೆ, ಮೊದಲು ವಕೀಲರ ಹತ್ರ ಈ ಗಡಿ ಎಲ್ಲಿ ಹಾದುಹೋಗುತ್ತೆ ಅಂತ ಮ್ಯಾಪ್ ತೆಗೆಸಿ ನೋಡಿ, ಆಮೇಲೆ ಎಕ್ಸ್‌ಟೆನ್ಶನ್ ಕನಸು ಕಾಣಿ.

ಗಡಿ ಅಂದ್ರೆ, ಭಾರತದಲ್ಲಿ 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್ ಪರ್ಮಿಶನ್ ಬೇಕು. ಇಂಗ್ಲೆಂಡಲ್ಲಿ ಅಂಥ ಸುತ್ತಳತೆ ಇಲ್ಲ, ಕಂದಕದ ಅಂಚಿಂದ ಸುಮಾರು 2 ಮೀಟರ್ ಅಷ್ಟೇ ಗಡಿಯೊಳಗೆ ಸೇರಿಸೋದು ರೂಢಿ. ಅದರಾಚೆಗೆ ಏನು ಕಟ್ಟಬಹುದು ಅನ್ನೋದು ಪ್ಲಾನಿಂಗ್ ವಿಚಾರ, ಸ್ಮಾರಕದ ಪರಿಸರಕ್ಕೆ ಧಕ್ಕೆ ಆಗುತ್ತಾ ಅಂತ ಆ ಅರ್ಜಿಯಲ್ಲೇ ತೂಗಿ ನೋಡ್ತಾರೆ. ನಿಮ್ಮ ಲೇಔಟ್ ಕಂದಕದ ಮಗ್ಗುಲಿಗೇ ಬಂದು ನಿಂತಿರೋದು ಹೀಗೆ. ನನಗೆ ಕೇಳಿದ್ರೆ ನಮ್ಮ ನಿಯಮ ತುಂಬ ಒರಟು, ಬಡವರ ಮನೆಯ ಶೌಚಾಲಯಕ್ಕೂ ಅಡ್ಡ ಬರುತ್ತೆ, ಅವರದ್ದು ಬಿಲ್ಡರ್‌ಗೆ ವಿಪರೀತ ಜಾಗ ಬಿಡುತ್ತೆ. ಒಂದು ಸಮಾಧಾನ ಅಂದ್ರೆ 1990ರಿಂದ ಈಚೆಗೆ ಪ್ಲಾನಿಂಗ್ ನೀತಿ ಬದಲಾಗಿ, ಕಟ್ಟೋ ಮುಂಚೆ ಪುರಾತತ್ವ ತನಿಖೆ ಆಗಬೇಕು, ಖರ್ಚು ಬಿಲ್ಡರ್‌ದೇ. ನಿಮ್ಮ ಲೇಔಟ್‌ಗೂ ಅಂಥ ರಿಪೋರ್ಟ್ ಇದ್ದೇ ಇರುತ್ತೆ, ಪುರಾತತ್ವ ದಾಖಲೆ ಇಟ್ಟಿರೋ ಕೌಂಟಿಯ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್ ಆಫೀಸಿಗೆ ಮೇಲ್ ಮಾಡಿದ್ರೆ ಕಳಿಸ್ತಾರೆ. ನಿಮ್ಮ ಮನೆ ಅಡಿಯಲ್ಲಿ ಏನಿತ್ತು ಅಂತ ನಾನು ಊಹಿಸೋದಕ್ಕಿಂತ ಅದನ್ನ ಓದಿ.

ಈ ಕಾನೂನಿನ ದೊಡ್ಡ ತೂತು ಎಲ್ಲಿದೆ ಅಂದ್ರೆ, ಮಾಡೋದನ್ನ ತಡೆಯುತ್ತೆ, ಸುಮ್ನೆ ಬಿಟ್ಟುಬಿಡೋದನ್ನ ತಡೆಯಲ್ಲ. ಪಟ್ಟಿಗೆ ಬಂದ ಮೇಲೂ ಜಾಗ ಓನರ್‌ದೇ, ಚೆನ್ನಾಗಿ ನೋಡ್ಕೋಬೇಕು ಅಂತ ಓನರ್ ಮೇಲೆ ಯಾವ ಬಾಧ್ಯತೆನೂ ಇಲ್ಲ. ಎಲ್ಡರ್ ಗಿಡ, ಮುಳ್ಳಿನ ಪೊದೆ ಬೆಳೆದು ಬೇರು ತಳಪಾಯಕ್ಕೆ ಇಳಿಯುತ್ತೆ, ಗಾಳಿಗೆ ಒಂದು ದೊಡ್ಡ ಮರ ಬುಡಮೇಲಾದ್ರೆ ಬೇರಿನ ಜೊತೆ ಒಂದು ಕೋಣೆಯಷ್ಟು ಪುರಾತತ್ವ ಎದ್ದು ಬರುತ್ತೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಬೆಳೆ ಹೆಚ್ಚಿಸೋ ಭರದಲ್ಲಿ ಎಷ್ಟೋ ಕಂದಕಗಳನ್ನ ಬುಲ್ಡೋಜರ್ ಹಾಕಿ ಮುಚ್ಚಿ ಉತ್ತುಬಿಟ್ರು. ಈಗಲೂ ಮೊದಲಿಂದ ಉಳುಮೆ ನಡೀತಿದ್ದ ಶೆಡ್ಯೂಲ್ಡ್ ಹೊಲದಲ್ಲಿ ಅದೇ ಆಳಕ್ಕೆ ಉಳುಮೆ ಮುಂದುವರಿಸೋಕೆ ಸಾಮಾನ್ಯ ಅನುಮತಿ ಇದೆ, ಪ್ರತಿ ವರ್ಷ ನೇಗಿಲು ಒಂದೊಂದು ಚೂರು ತಿಂತಾನೇ ಇರುತ್ತೆ. ರೈತರಿಗೆ ದುಡ್ಡು ಕೊಟ್ಟು ಆ ಜಾಗ ಹುಲ್ಲಿಗೆ ಬಿಡಿಸೋ ಸ್ಕೀಮ್ ಇದೆ, ನನ್ನ ಪ್ರಕಾರ ಎಲ್ಲ ದಂಡಕ್ಕಿಂತ ಅದೇ ಹೆಚ್ಚು ಕೆಲಸ ಮಾಡೋದು. ಆಮೇಲೆ ಬ್ಯಾಡ್ಜರ್ ಅನ್ನೋ ಬಿಲ ತೋಡೋ ಕಾಡುಪ್ರಾಣಿ! ದಿಬ್ಬದ ಸಡಿಲ ಮಣ್ಣು ಅಂದ್ರೆ ಅವಕ್ಕೆ ಪ್ರಾಣ, ಬಿಲ ತೋಡಿ ಮಧ್ಯಯುಗದ ಮಡಕೆ ಚೂರೆಲ್ಲ ಹೊರಗೆ ಎಸೀತವೆ, ಅವನ್ನ ಓಡಿಸೋಣ ಅಂದ್ರೆ 1992ರ ಕಾನೂನು ಬ್ಯಾಡ್ಜರ್ ಬಿಲಕ್ಕೂ ರಕ್ಷಣೆ ಕೊಟ್ಟಿದೆ, ಲೈಸೆನ್ಸ್ ಇಲ್ಲದೆ ಮುಟ್ಟೋ ಹಾಗಿಲ್ಲ. ನೀರಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಅನ್ನೋ, ಹಲ್ಲಿ ಥರ ಕಾಣೋ ಪ್ರಾಣಿ ಇದ್ರೆ ಅದಕ್ಕೆ ಇನ್ನೊಂದು ಕಾನೂನು. ಒಂದೇ ಹಳ್ಳಕ್ಕೆ ಮೂರು ಕಾವಲುಗಾರರು, ಒಬ್ಬರ ಮಾತು ಒಬ್ಬರಿಗೆ ಆಗಲ್ಲ.

ನೀವು ಏನು ಮಾಡಬಹುದು ಅಂದ್ರೆ, ಕಸ ಹೆಕ್ಕಬಹುದು, ಅದಕ್ಕೆ ಯಾರ ಅಪ್ಪಣೆನೂ ಬೇಡ. ಪೊದೆ ಕಡಿಯೋದು ನೆಲಮಟ್ಟಕ್ಕೆ ಮಾತ್ರ, ಬೇರು ಕೀಳಬಾರದು, ಬೆಂಕಿ ಹಾಕಬಾರದು, ಪಕ್ಷಿ ಗೂಡು ಕಟ್ಟೋ ಸೀಸನ್ ಬಿಟ್ಟು ಚಳಿಗಾಲದಲ್ಲಿ ಮಾಡಬೇಕು, ಅದನ್ನೂ ನೀವೇ ಕತ್ತಿ ಹಿಡ್ಕೊಂಡು ಹೋಗೋದಲ್ಲ, ಕೌನ್ಸಿಲ್‌ನ ಪಾರ್ಕ್ ವಿಭಾಗಕ್ಕೆ ಬರೆದು ಹಿಸ್ಟಾರಿಕ್ ಇಂಗ್ಲೆಂಡ್ ಸಲಹೆ ತಗೊಂಡು ಮಾಡಿ ಅಂತ ಕೇಳಿ. ವಾಸನೆ ಬೇಸಿಗೇಲಿ ನೀರು ಇಳಿದಾಗ ಜಾಸ್ತಿ ಆಗುತ್ತೆ, ಲೇಔಟ್‌ನ ಚರಂಡಿ ನೀರು ಏನಾದ್ರೂ ಅಲ್ಲಿಗೆ ಸೇರ್ತಿದೆಯಾ ಅಂತ ಚೆಕ್ ಮಾಡಿಸಿ, ಹಾಗಿದ್ರೆ ಅದು ನಿಜವಾದ ಕಂಪ್ಲೇಂಟ್. ಹೂಳು ತೆಗೀಲೇಬೇಕಾದ ಪರಿಸ್ಥಿತಿ ಬಂದ್ರೂ ಮೇಲಿನ ಈಚಿನ ಎಲೆಕೊಳೆ ಅಷ್ಟನ್ನೇ, ಪುರಾತತ್ವದವರು ಪಕ್ಕದಲ್ಲಿ ನಿಂತು ನೋಡ್ತಾ ಇರುವಾಗ, ತೆಗೆಯೋಕೆ ಅನುಮತಿ ಸಿಗೋದುಂಟು.

ಮಗನಿಗೆ ಮನೆ ಸಮೇತ ಕಂದಕ ತೋರಿಸಬೇಕು ಅಂದ್ರೆ ಲಂಡನ್‌ನ ಹ್ಯಾರೋದಲ್ಲಿರೋ ಹೆಡ್‌ಸ್ಟೋನ್ ಮ್ಯಾನರ್‌ಗೆ ಕರ್ಕೊಂಡು ಹೋಗಿ, ಆ ಕಡೆ ಹೇಗೂ ಮಸಾಲೆ ಸಾಮಾನಿಗೆ ಹೋಗ್ತಿರ್ತೀರಿ. 1310ರ ಸುಮಾರಿನ ಮರದ ಮನೆ, ಒಂದು ಕಾಲಕ್ಕೆ ಕ್ಯಾಂಟರ್‌ಬರಿ ಆರ್ಚ್‌ಬಿಷಪ್‌ರದ್ದಾಗಿತ್ತು, ಸುತ್ತ ಕಂದಕದಲ್ಲಿ ಈಗಲೂ ನೀರಿದೆ, ಒಳಗೆ ಮ್ಯೂಸಿಯಂ. ಕೆಂಟ್‌ನ ಐಟಮ್ ಮೋಟ್ ದೂರ, ಟಿಕೆಟ್ ಕೂಡ ಇದೆ, ಆದ್ರೆ ನೀರಿನಿಂದಲೇ ಗೋಡೆ ಎದ್ದಿರೋ ಮನೆ ಅದು, 1989ರಿಂದ 2004ರವರೆಗೆ ಭಾಗ ಭಾಗ ಬಿಚ್ಚಿ ರಿಪೇರಿ ಮಾಡಿದಾರೆ, ಅಂಗಳದಲ್ಲಿ ಗ್ರೇಡ್ ಒನ್, ಅಂದ್ರೆ ಲಿಸ್ಟೆಡ್ ಬಿಲ್ಡಿಂಗ್‌ಗಳಲ್ಲಿ ಅತಿ ಮೇಲಿನ ದರ್ಜೆಯ ಒಂದು ನಾಯಿಗೂಡು ಬೇರೆ ಇದೆ. ಸೇಂಟ್ ಬರ್ನಾರ್ಡ್ ನಾಯಿಗೆ ಕಟ್ಟಿದ್ದು, ಮಕ್ಕಳು ಮೊದಲು ಅಲ್ಲಿಗೇ ಓಡೋದು.